ವೀರಭದ್ರಪ್ಪನವರ ಸ್ಟ್ಯಾಂಡರ್ಡ್ ಸೈಜು

ಹೈದರಾಬಾದಿನ ಕುಷಾಯಿಗೂಡದ ವೀರಭದ್ರಪ್ಪನವರು ಈ ಜಗತ್ತಿನಲ್ಲಿ ಒಂದೇ ಒಂದು ವಿಷಯದ ಮೇಲೆ ಅಧಿಕಾರದಿಂದ ಮಾತಾಡಬಲ್ಲವರಾಗಿದ್ದರು. ಅದು ಕ್ಯಾಬಿನೆಟ್ಟು. ಮಂತ್ರಿಗಳ ಕ್ಯಾಬಿನೆಟ್ಟಲ್ಲ, ತಗಡಿನದು. ಅಲ್ಲೇ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯ ತಗಡಿನ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಅವರು ಅದನ್ನೇ ಮಾಡಿದ್ದರು. ವಿದ್ಯುತ್ ಕೇಂದ್ರಗಳ ಯಂತ್ರಗಳನ್ನು ಒಳಗಿಟ್ಟು ಬಾಗಿಲು ಹಾಕುವಂಥ ಬೀರುಗಳು. ಆಳಿಗಿಂತ ಒಂದು ಗೇಣು ಹೆಚ್ಚು ಎತ್ತರ, ಎರಡೂವರೆ ಅಡಿ ಅಗಲ, ಎರಡಡಿ ಆಳ. ಕಾರ್ಖಾನೆಯಲ್ಲಿ ಇದಕ್ಕೆ ‘ಸ್ಟ್ಯಾಂಡರ್ಡ್ ಸೈಜು’ ಎಂದು ಹೆಸರು. ಇದಕ್ಕಿಂತ ಚಿಕ್ಕದನ್ನು ಅವರು ಕ್ಯಾಬಿನೆಟ್ಟು ಎಂದು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

ಕಂಪ್ಯೂಟರು ಅವರಿಗೆ ಗೊತ್ತಿರಲಿಲ್ಲವೆಂದು ಹೇಳಿದರೆ ತಪ್ಪಾದೀತು. ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ಬೇಕಾದ ಹನ್ನೊಂದು ಕ್ಯಾಬಿನೆಟ್ಟುಗಳನ್ನು ಮಾಡಿದವರೇ ಅವರು. ಲೆಕ್ಕಪತ್ರದ ವಿಭಾಗದವರು ಮೇಜಿನ ಮೇಲೆ ಟಿವಿಯಂಥದ್ದನ್ನು ಇಟ್ಟುಕೊಂಡು ಕುಟ್ಟುವುದನ್ನೂ ಕಿಟಕಿಯಿಂದ ನೋಡಿದ್ದರು. ಅವರ ಪ್ರಕಾರ ಮೇಜಿನ ಮೇಲಿನದು ಬಾಯಿ ಮಾತ್ರ. ಹೊಟ್ಟೆ ಇರುವುದು ಆ ಕೋಣೆಯಲ್ಲಿ, ತಾವು ಮಾಡಿದ ಕ್ಯಾಬಿನೆಟ್ಟಿನೊಳಗೆ.

ಒಂದು ವರ್ಷ ಎರಡು ತಿಂಗಳ ಹಿಂದೆ ಕಾರ್ಖಾನೆಯವರು ಸ್ವಯಂ ನಿವೃತ್ತಿಯ ಯೋಜನೆ ತಂದು, ಹಾರ ಹಾಕಿ, ಅವರನ್ನು ಐವತ್ತೆರಡನೇ ವಯಸ್ಸಿಗೇ ಮನೆಗೆ ಕಳಿಸಿಕೊಟ್ಟರು. ಇದರಲ್ಲಿ ‘ಸ್ವಯಂ’ ಎಂಬುದು ಯಾರದ್ದು ಎಂದು ವೀರಭದ್ರಪ್ಪನವರಿಗೆ ಕೊನೆಗೂ ತಿಳಿಯಲಿಲ್ಲ. ಹೈದರಾಬಾದಿನ ಆಚೆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಈಚೆ ತುದಿಯಲ್ಲಿ ವೀರಭದ್ರಪ್ಪನವರು ಬೆಳಿಗ್ಗೆ ಆರೂವರೆಗೆ ಎದ್ದು, ಇಸ್ತ್ರಿಯ ಅಂಗಿ ತೊಟ್ಟು, ಕಾರ್ಖಾನೆಯ ಬಸ್ಸು ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ, ಬಸ್ಸು ಹೋದ ಮೇಲೆ ಪೇಪರು ಕೊಂಡು ತಿರುಗಿ ಬರುತ್ತಿದ್ದರು. ಮಧ್ಯಾಹ್ನ ಒಂದು ರೊಟ್ಟಿ ತಿಂದು ಏಳುತ್ತಿದ್ದರು. ಹೆಂಡತಿ ಬಸಲಿಂಗಮ್ಮ ಇನ್ನೊಂದು ಹಾಕಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಮಾತೂ ಅಷ್ಟೇ, ದಿನಕ್ಕೊಂದು.

ಹೀಗಿರುವಾಗ ಎಂಸಿಎ ಕೊನೆಯ ವರ್ಷದಲ್ಲಿದ್ದ ಮಗಳು ಸಂಪದಾಳಿಗೆ ಪ್ರಾಜೆಕ್ಟಿಗೆಂದು ಮನೆಯಲ್ಲೊಂದು ಕಂಪ್ಯೂಟರು ಬೇಕಾಯಿತು. ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ತರುಣ ಎಂಬ ಮೈಸೂರಿನ ಹುಡುಗ, ಮಾಧಾಪುರದ ಕಂಪನಿಯೊಂದರಲ್ಲಿ ಇಂಜಿನಿಯರು, “ರೆಡಿಮೇಡ್ ಯಾಕೆ ಅಂಕಲ್, ಬಿಡಿಭಾಗ ತಂದು ನಾನೇ ಜೋಡಿಸಿಕೊಡ್ತೀನಿ” ಎಂದು ಒಂದು ಪಟ್ಟಿ ಬರೆದುಕೊಟ್ಟ. ವೀರಭದ್ರಪ್ಪನವರು ಕನ್ನಡಕ ಏರಿಸಿಕೊಂಡು ಪಟ್ಟಿ ಓದಿದರು. ಒಂದೂ ಅರ್ಥವಾಗಲಿಲ್ಲ. ಐದನೆಯ ಸಾಲಿಗೆ ಬಂದು ನಿಂತರು.

“ಕ್ಯಾಬಿನೆಟ್ ಖರೀದಿ ಮಾಡೋದೇನು?” ಎಂದು ಕೇಳಿದರು, ಹತ್ತು ಎಮ್ಮೆ ಕಟ್ಟಿದವನಿಗೆ ಹಾಲಿನ ಪ್ಯಾಕೆಟ್ಟು ತರಲು ಹೇಳಿದ ಹಾಗೆ. “ನಾ ಇರೋವಾಗ ಯಾರೋ ಮಾಡಿದ್ದು ಯಾಕ ತರ್ಬೇಕು? ಅದನ್ನ ನಾ ಮಾಡ್ತೀನಿ.”

“ನೀವು ಮಾಡ್ತೀರಾ? ಒಳ್ಳೇದಾಯ್ತು ಬಿಡಿ.”

“ಸೈಜು ಎಷ್ಟಿರಬೇಕು, ಹೇಳು.”

ಅಷ್ಟರಲ್ಲಿ ಓಣಿಯ ಮೂಲೆಯಲ್ಲಿ ತರುಣನ ಕಂಪನಿಯ ಬಸ್ಸು ಹಾರ್ನು ಹೊಡೆಯಿತು. ಅವನು ಚೀಲವನ್ನು ಹೆಗಲಿಗೇರಿಸಿ ಗೇಟು ದಾಟುತ್ತ, “ಸ್ಟ್ಯಾಂಡರ್ಡ್ ಸೈಜ್ ಸಾಕು ಅಂಕಲ್” ಎಂದು ಓಡಿದ.

ಆ ಬಸ್ಸು ಎರಡು ನಿಮಿಷ ತಡವಾಗಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕಂಪನಿಯ ಬಸ್ಸುಗಳು ತಡವಾಗಿ ಬರುವುದಿಲ್ಲ.

ವೀರಭದ್ರಪ್ಪನವರು ಅಂದೇ ಹಳೆಯ ಸಹೋದ್ಯೋಗಿ ಮಾಣಿಕಪ್ಪನನ್ನು ಹುಡುಕಿಕೊಂಡು ಹೋದರು. ಮಾಣಿಕಪ್ಪ ಬೀದರಿನ ಕಡೆಯವನು, ಕಾರ್ಖಾನೆಯ ವೆಲ್ಡರು, ಅದೇ ದಿನ ಅದೇ ಹಾರ ಹಾಕಿಸಿಕೊಂಡವನು. ಚೆರ್ಲಪಲ್ಲಿಯಲ್ಲಿ ಅವನ ಷಡ್ಡಕನದೊಂದು ಶೆಡ್ಡು ಖಾಲಿ ಬಿದ್ದಿತ್ತು. ಅಲ್ಲಿ ಹನ್ನೊಂದು ದಿನ ತಗಡು ಕತ್ತರಿಸಿದರು, ಮಡಚಿದರು, ಬೆಸೆದರು, ಉಜ್ಜಿದರು, ಕಾರ್ಖಾನೆಯ ಬೂದುಬಣ್ಣವನ್ನೇ ಹುಡುಕಿ ತಂದು ಹೊಡೆದರು. ಎರಡನೆಯ ದಿನ ಮನೆಗೆ ಬಂದ ವೀರಭದ್ರಪ್ಪನವರು ಊಟಕ್ಕೆ ಕೂತು ತಟ್ಟೆ ಖಾಲಿಯಾದ ಮೇಲೂ ಏಳಲಿಲ್ಲ. “ಇನ್ನೊಂದು ರೊಟ್ಟಿ ಐತೇನು?” ಎಂದರು. ಬಸಲಿಂಗಮ್ಮ ಒಂದಲ್ಲ, ಎರಡು ತಂದು ಹಾಕಿದರು.

ಭಾನುವಾರ ಹತ್ತು ಗಂಟೆಗೆ ಕ್ಯಾಬಿನೆಟ್ಟು ಟ್ರಾಲಿ ಆಟೋದಲ್ಲಿ ಮಲಗಿಕೊಂಡು ಕಾಲನಿಗೆ ಬಂತು. ಇಳಿಸಲು ಆರು ಜನ ಬೇಕಾಯಿತು. ಮನೆಯ ಬಾಗಿಲಿನ ಪಡಿಗಳನ್ನು ಬಿಚ್ಚಿದರು. ಸೋಫಾವನ್ನು ಜಗುಲಿಗೂ ಟಿವಿಯನ್ನು ಅಡಿಗೆಮನೆಗೂ ಗಡೀಪಾರು ಮಾಡಿದರು. ಪಡಸಾಲೆಯ ನಡುಗೋಡೆಗೆ ಬೆನ್ನುಕೊಟ್ಟು ಅದು ನಿಂತಾಗ ಕಿಟಕಿಯ ಅರ್ಧ ಬೆಳಕು ಹೋಯಿತು.

ಎದುರುಮನೆಯ ಗೋದಾಬಾಯಿ ಆ ಓಣಿಯ ಸುದ್ದಿಗಳಿಗೆಲ್ಲ ತವರುಮನೆ ಇದ್ದ ಹಾಗೆ. ಮೊದಲು ಬಂದವರು ಅವರೇ.

“ಫ್ರಿಜ್ಜು ಭಾಳ ದೊಡ್ಡದು ತಂದೀರಿ, ವೀರಭದ್ರಪ್ಪನವರ. ಮನಿಯಾಗ ಇರೋರು ಮೂರು ಮಂದಿ. ಇಷ್ಟಕ್ಕ ಹಾಲು ಎಲ್ಲಿಂದ ತರ್ತೀರಿ?”

“ಫ್ರಿಜ್ಜಲ್ಲರಿ ಬಾಯಾರ. ಕಂಪ್ಯೂಟರಿಂದು ಕ್ಯಾಬಿನೆಟ್ ಐತಿ.”

“ಹಂಗಾದ್ರ ಕಂಪ್ಯೂಟರ್ ಎಲ್ಲಿ ಇಡ್ತೀರಿ?”

“ಇದರೊಳಗ.”

ಗೋದಾಬಾಯಿ ಬಾಗಿಲು ತೆಗೆಸಿ ಒಳಗೆ ಇಣುಕಿ, ಹೊರಗೆ ಬಂದು, ವೀರಭದ್ರಪ್ಪನವರ ಮನೆಯ ಕಂಪ್ಯೂಟರಿನಲ್ಲಿ ಇಬ್ಬರು ಆರಾಮವಾಗಿ ನಿಲ್ಲಬಹುದು ಎಂಬ ವಿಚಾರವನ್ನು ಹನ್ನೆರಡು ಗಂಟೆಯೊಳಗೆ ಮೂರು ಓಣಿಗಳಿಗೆ ಮುಟ್ಟಿಸಿದರು. ಅದನ್ನು ಕೇಳಿ ಕಾಲನಿ ಸಂಘದ ಕಾರ್ಯದರ್ಶಿ ಕೇದಾರರಾಯರು ಬಗಲಲ್ಲಿ ಫೈಲು ಹಿಡಿದು ಬಂದರು.

“ನೋಡ್ರಿ, ವಸತಿ ಕಾಲನಿಯಾಗ ಎಸ್‌ಟಿಡಿ ಬೂತು ಇಡ್ಲಿಕ್ಕೆ ಬರೂದಿಲ್ಲ. ನಿಯಮ ಅದ.”

“ಬೂತಲ್ಲರಿ ರಾಯರ.”

“ಒಳಗ ನಿಂತು ಬಾಗಲಾ ಹಾಕ್ಕೊಳ್ಳಿಕ್ಕೆ ಬರ್ತದ, ಹೌದಿಲ್ಲೋ? ಮತ್ತ ಬೂತಂದ್ರ ಇನ್ನೇನು?”

ಮಧ್ಯಾಹ್ನ ತರುಣ ಮಹಡಿಯಿಂದ ಬಿಡಿಭಾಗಗಳನ್ನು ತಂದ. ಮಾನಿಟರು ಬಿಟ್ಟರೆ ಉಳಿದೆಲ್ಲವೂ ಸೊಪ್ಪು ತರುವಂಥ ಒಂದು ಕೈಚೀಲದಲ್ಲಿದ್ದವು. ಹೊಸ್ತಿಲಿನಲ್ಲಿ ಕ್ಯಾಬಿನೆಟ್ಟನ್ನು ಕಂಡು ನಿಂತುಬಿಟ್ಟ. ಅದರ ತಲೆಯಿಂದ ಕಾಲಿನವರೆಗೆ ನೋಡಿದ. ಅವನ ಬಾಯಿ ಒಂದು ಕಡೆ ಸೊಟ್ಟಗಾಗತೊಡಗಿತು. ಆಗ ಸಂಪದಾ ತಂದೆಯ ಬೆನ್ನ ಹಿಂದೆ ನಿಂತು ಅವನತ್ತ ನೋಡಿ ನಿಧಾನವಾಗಿ ತಲೆಯಾಡಿಸಿದಳು, ಬೇಡ ಎಂಬಂತೆ. ತರುಣನಿಗೆ ಕೆಮ್ಮು ಬಂತು.

ವೀರಭದ್ರಪ್ಪನವರು ಕೈಚೀಲದೊಳಗೆ ನೋಡಿದರು. “ಉಳಿದದ್ದು ಎಲ್ಲಿ?”

“ಇಷ್ಟೇ ಅಂಕಲ್.”

ಅವರು ಪುಸ್ತಕದಷ್ಟಗಲದ ಹಸಿರು ಹಲಗೆಯನ್ನು ನೋಡಿದರು, ಕ್ಯಾಬಿನೆಟ್ಟನ್ನು ನೋಡಿದರು. ಹಣೆ ಗಂಟಿಕ್ಕಿತು.

“ಗಾಳಿ ಆಡಾಕ ಜಾಗ ಬೇಕಾಗ್ತೈತಿ ಅಪ್ಪ,” ಸಂಪದಾ ಅವಸರದಿಂದ ಅಂದಳು. “ಒಳಗ ಬಿಸಿ ಆಗ್ತೈತಲ್ಲ.”

“ಹೌದು ಅಂಕಲ್. ಗಾಳಿ ತುಂಬಾ ಮುಖ್ಯ.”

“ಸೈಜು ಬರೋಬ್ಬರಿ ಐತಿಲ್ಲೋ?”

ತರುಣ ಸಂಪದಾಳ ಮುಖ ನೋಡಿದ. “ಸ್ಟ್ಯಾಂಡರ್ಡ್ ಅಂಕಲ್.”

ವೀರಭದ್ರಪ್ಪನವರ ಹಣೆಯ ಗಂಟು ಬಿಚ್ಚಿಕೊಂಡಿತು. ಒಂದು ವರ್ಷ ಎರಡು ತಿಂಗಳಿನಿಂದ ಯಾರೂ ಅವರ ಕೆಲಸವನ್ನು ಸರಿಯಿದೆ ಎಂದಿರಲಿಲ್ಲ, ತಪ್ಪಿದೆ ಎಂದೂ ಅಂದಿರಲಿಲ್ಲ.

ಜೋಡಿಸುವಾಗ ಒಂದು ತೊಡಕಾಯಿತು. ತಂತಿಗಳೆಲ್ಲ ಗೇಣುದ್ದ, ಮೊಳದುದ್ದ. ಒಂದನ್ನು ಮೇಲೆ, ಒಂದನ್ನು ಕೆಳಗೆ ಇಟ್ಟರೆ ಮುಟ್ಟುವುದಿಲ್ಲ. ಹಾಗಾಗಿ ಎಲ್ಲವೂ ಕೆಳಗಿನ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೂತವು, ಅರಮನೆಗೆ ಬಾಡಿಗೆಗೆ ಬಂದ ಬಡ ಸಂಸಾರದ ಹಾಗೆ. ಸ್ವಿಚ್ಚಿನ ತಂತಿಯೂ ಬಾಗಿಲನ್ನು ಮುಟ್ಟಲಿಲ್ಲ. ಕಂಪ್ಯೂಟರು ಶುರು ಮಾಡಬೇಕಾದರೆ ಸಂಪದಾ ಬಾಗಿಲು ತೆರೆದು, ಮಂಡಿಯೂರಿ, ತಲೆ ಬಗ್ಗಿಸಿ, ಒಳಗೆ ಕೈ ಚಾಚಬೇಕಿತ್ತು. ಇದನ್ನು ದಿನವೂ ನೋಡಿದ ಬಸಲಿಂಗಮ್ಮ ಮೂರನೆಯ ದಿನ ಆ ಬಾಗಿಲಿಗೆ ವಿಭೂತಿ ಹಚ್ಚಿ, ಎರಡು ಹೂವನ್ನೂ ಇಟ್ಟರು.

ಮುಂದಿನ ವಾರ ಮೀಟರು ಓದಲು ಬಂದ ವಿದ್ಯುತ್ ಇಲಾಖೆಯವನು ತೆರೆದ ಬಾಗಿಲಿನಿಂದ ಒಳಗೆ ನೋಡಿ ಚಪ್ಪಲಿ ಬಿಟ್ಟ. ಹದಿನೈದು ವರ್ಷದ ಸೇವೆಯಲ್ಲಿ ಇಂಥದ್ದನ್ನು ಅವನು ಸಬ್‌ಸ್ಟೇಷನ್ನಿನಲ್ಲಷ್ಟೇ ಕಂಡಿದ್ದ. “ಇದಿ ಏ ಫೀಡರ್ ಸಾರ್?” ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದ, ಯಾವ ಲೈನಿನದು ಇದು ಎಂದು. ಮರುದಿನ ಅವನ ಮೇಲಿನ ಇಂಜಿನಿಯರೇ ಬಂದರು. ವೀರಭದ್ರಪ್ಪನವರು ಅವರಿಗೆ ಬಾಗಿಲಿನ ಕೀಲುಗಳನ್ನು ತೋರಿಸಿದರು. ಇಂಜಿನಿಯರು ಬಾಗಿಲನ್ನು ಮೂರು ಸಲ ತೆರೆದು ಮುಚ್ಚಿ, ಸದ್ದೇ ಬಾರದ್ದಕ್ಕೆ “ಚಾಲ ಬಾಗುಂದಿ” ಎಂದು ಮನಸಾರೆ ಮೆಚ್ಚಿ, ಆಮೇಲೆ ಮನೆಯಲ್ಲಿ ಪರವಾನಗಿಯಿಲ್ಲದೆ ಕೈಗಾರಿಕಾ ಪ್ಯಾನೆಲ್ ಇರಿಸಿದ್ದಕ್ಕೆ ನೋಟೀಸು ಬರೆದುಕೊಟ್ಟರು.

ಬೇರೆ ಯಾರಾದರೂ ಹೆದರುತ್ತಿದ್ದರು. ವೀರಭದ್ರಪ್ಪನವರು ನೋಟೀಸನ್ನು ಎರಡು ಸಲ ಓದಿ, “ನೋಡಿದೇನು? ಇಲಾಖೆಯವ್ರೇ ಒಪ್ಪಿಕೊಂಡಾರ” ಎಂದು ಹೆಂಡತಿಗೆ ತೋರಿಸಿದರು.

ಅದೇ ಹುರುಪಿನಲ್ಲಿ ಅವರಿಗೆ ಆ ಯೋಚನೆ ಬಂತು. ತಮ್ಮ ಹಾಗೆಯೇ ಮನೆಗೆ ಬಂದು ಕೂತಿದ್ದ ತಗಡಿನ ವಿಭಾಗದ ಏಳು ಜನರನ್ನು, ಮಾಣಿಕಪ್ಪನೂ ಸೇರಿ, ಚೆರ್ಲಪಲ್ಲಿಯ ಶೆಡ್ಡಿಗೆ ಕರೆಸಿದರು.

“ಹೈದರಾಬಾದಿನಾಗ ಮನಿಗೊಂದು ಕಂಪ್ಯೂಟರ್ ಬರಾಕತ್ತಾವ. ಒಳಗಿನ ಸಾಮಾನು ಮಾಡೋರು ಬೇಕಾದಷ್ಟು ಮಂದಿ ಅದಾರ. ಅದಕ್ಕ ಹೊರಗಿನ ಮನಿ ಕಟ್ಟೋರು ಯಾರು? ಹೇಳ್ರಿ.”

ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏನೂ ಕೇಳಲಿಲ್ಲ. ಕಾರ್ಖಾನೆಯಲ್ಲಿ ಒಂದು ಮೊಳೆಗೂ ಮೂರು ಪ್ರಶ್ನೆ ಕೇಳುತ್ತಿದ್ದ ಈ ಜನ ಇಷ್ಟು ಬೇಗ ಒಪ್ಪಿದ್ದು ತಮ್ಮ ವಿವರಣೆಯ ಸ್ಪಷ್ಟತೆಯಿಂದ ಎಂದು ವೀರಭದ್ರಪ್ಪನವರು ತಿಳಿದರು.

ಮರುದಿನದಿಂದ ಎಂಟು ಗಂಟೆಗೆ ಎಂಟು ಜನ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬರತೊಡಗಿದರು. ಮಾದರಿಗೆಂದು ಒಂದೇ ಕ್ಯಾಬಿನೆಟ್ಟು. ಅದಕ್ಕೆ ಒಂದು ತಿಂಗಳು ಹಿಡಿಯಿತು. ಒಬ್ಬ ಬೆಸೆದದ್ದನ್ನು ಇನ್ನೊಬ್ಬ ಉಜ್ಜುತ್ತಿದ್ದ, ಉಜ್ಜಿದ್ದನ್ನು ಮತ್ತೊಬ್ಬ ಮತ್ತೆ ಉಜ್ಜುತ್ತಿದ್ದ. ಕೆಲಸ ಮುಗಿಯುವ ಅವಸರ ಯಾರಿಗೂ ಇದ್ದಂತೆ ಕಾಣಲಿಲ್ಲ.

ಸಂಪದಾ ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾದಳು. ಮಾದರಿಯನ್ನು ಸಿಕಂದರಾಬಾದಿನ ಮಾರ್ಕೆಟ್ಟಿಗೆ ಒಯ್ಯುವ ಹಿಂದಿನ ದಿನ ಊಟಕ್ಕೆ ಬಡಿಸುತ್ತ, “ಅಪ್ಪಾ, ಹೋಗೋಕಿಂತ ಮೊದಲ ತರುಣನ್ನ ಒಮ್ಮಿ ಕೇಳು” ಎಂದಳು.

“ಏನು ಕೇಳೋದೈತಿ? ಅವನೇ ಸ್ಟ್ಯಾಂಡರ್ಡ್ ಅಂದಾನಲ್ಲ. ಇನ್ನೊಂದು ರೊಟ್ಟಿ ಹಾಕವ್ವ.”

ಅವಳು ರೊಟ್ಟಿ ಹಾಕಿದಳು.

ಶನಿವಾರ ಬೆಳಿಗ್ಗೆ ವೀರಭದ್ರಪ್ಪನವರೂ ಮಾಣಿಕಪ್ಪನೂ ಕ್ಯಾಬಿನೆಟ್ಟನ್ನು ಟ್ರಾಲಿ ಆಟೋದಲ್ಲಿ ಹೇರಿಕೊಂಡು ಹೊರಟರು. ಸಿಕಂದರಾಬಾದಿನಲ್ಲಿ ಒಂದು ಇಡೀ ಕಟ್ಟಡದ ತುಂಬ ಕಂಪ್ಯೂಟರಿನ ಅಂಗಡಿಗಳೇ. ಆಟೋ ಎದುರಿಗೆ ನಿಂತದ್ದೇ ಜನ ಸೇರಿತು. ನೆಲಮಹಡಿಯ ಅಂಗಡಿಯಿಂದ ಇಮ್ತಿಯಾಜ್ ಎಂಬಾತ ಹೊರಗೆ ಬಂದ. ನಲವತ್ತರ ಪ್ರಾಯ, ಮೃದುವಾದ ಮಾತು.

“ಲಿಫ್ಟ್ ಕಾ ಡಬ್ಬಾ ಹೈ ಕ್ಯಾ ಚಾಚಾ? ಲಿಫ್ಟು ಉಸ್ ಬಾಜೂ ಹೈ.” ಲಿಫ್ಟಿನ ಡಬ್ಬವೆಂದು ತಿಳಿದು ಆ ಕಡೆಗೆ ಕೈ ತೋರಿಸಿದ.

ವೀರಭದ್ರಪ್ಪನವರು ತಮ್ಮ ದಖ್ಖನಿ ಉರ್ದುವಿನಲ್ಲಿ ವಿವರಿಸಿದರು. ಕಂಪ್ಯೂಟರಿನ ಕ್ಯಾಬಿನೆಟ್ಟು, ಸ್ಟ್ಯಾಂಡರ್ಡ್ ಸೈಜು, ತಿಂಗಳಿಗೆ ಎಷ್ಟು ಬೇಕಾದರೂ ಮಾಡಿಕೊಡುತ್ತೇವೆ. ಇಮ್ತಿಯಾಜ್ ನಗಲಿಲ್ಲ. ಸುತ್ತ ನಿಂತವರಲ್ಲಿ ನಗಲು ಶುರುಮಾಡಿದ ಒಬ್ಬನ ಕಡೆ ತಿರುಗಿ ನೋಡಿ ಸುಮ್ಮನಾಗಿಸಿದ. ಅಂಗಡಿಯೊಳಗೆ ಹೋಗಿ ಒಂದು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಬಂದು ಮೆಟ್ಟಿಲ ಮೇಲೆ ಇಟ್ಟ.

“ಸ್ಟ್ಯಾಂಡರ್ಡು ಯೇ ಹೈ ಚಾಚಾ.”

ಅದು ಮೊಳಕಾಲೆತ್ತರವೂ ಇರಲಿಲ್ಲ. ವೀರಭದ್ರಪ್ಪನವರು ಜೇಬಿನಿಂದ ಟೇಪು ತೆಗೆದು ಅಳೆದರು. ಎತ್ತರ ಹದಿನೇಳು ಇಂಚು, ಅಗಲ ಏಳು. ಮತ್ತೊಮ್ಮೆ ಅಳೆದರು. ಇಂಚುಗಳು ಜಾಸ್ತಿಯಾಗಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ತಗಡು ಒಳಗೆ ಹೋಗಿ ‘ಟೊಕ್’ ಎಂದು ಹೊರಗೆ ಬಂತು. ತಲೆಯೆತ್ತಿ ಅಂಗಡಿಯೊಳಗೆ ನೋಡಿದರು. ನೆಲದಿಂದ ಸೂರಿನವರೆಗೆ ಅಂಥವೇ. ಪಕ್ಕದ ಅಂಗಡಿಯಲ್ಲೂ ಅಂಥವೇ.

ಇಮ್ತಿಯಾಜ್ ಆಟೋದ ಬಳಿ ಹೋಗಿ ಕ್ಯಾಬಿನೆಟ್ಟಿನ ಮೂಲೆಯ ಮೇಲೆ ಬೆರಳಾಡಿಸಿದ. ಬೆಸುಗೆ ಎಲ್ಲಿದೆ ಎಂದು ಅವನಿಗೆ ಸಿಗಲಿಲ್ಲ. “ಐಸಾ ಕಾಮ್ ಅಬ್ ಕೋಯಿ ನೈ ಕರ್ತಾ,” ಎಂದ. ಇಂಥ ಕೆಲಸ ಈಗ ಯಾರೂ ಮಾಡುವುದಿಲ್ಲ. ಅವನು ಮನಸ್ಸಿನಿಂದಲೇ ಹೇಳಿದ್ದು. ಆಮೇಲೆ ಇಬ್ಬರಿಗೂ ಚಹಾ ತರಿಸಿದ. ಅವನು ನಕ್ಕುಬಿಟ್ಟಿದ್ದರೆ ವೀರಭದ್ರಪ್ಪನವರಿಗೆ ಸಿಟ್ಟಾದರೂ ಬರುತ್ತಿತ್ತು.

ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಕೇಳಿದರು: “ಮಾಣಿಕಪ್ಪಾ, ನೀ ಇದನ್ನ ಮೊದಲ ನೋಡಿದ್ದೇನು?”

ಮಾಣಿಕಪ್ಪ ಚಹಾವನ್ನು ಊದಿದ. “ಅಳಿಯನ ಮನ್ಯಾಗ ಐತಿ. ಮೇಜಿನ ಕೆಳಗ ಇಟ್ಟಾರ. ಮೊಮ್ಮಗಳು ಅದರ ಮ್ಯಾಲ ಕಾಲಿಟ್ಟು ಕುಂದರ್ತಾಳ.”

“ಉಳಿದವ್ರಿಗೆ?”

“ಎಲ್ಲಾರಿಗೂ ಗೊತ್ತೈತಿ.”

“ಗೊತ್ತಿದ್ದೂ ಒಂದು ತಿಂಗಳು ಯಾಕ ಬಂದ್ರಿ?”

“ಮುಂಜಾನೆ ಡಬ್ಬಿ ಕಟ್ಟಿಸ್ಕೊಂಡು ಹೊರಗ ಬೀಳಾಕ ಒಂದು ಜಾಗ ಸಿಕ್ಕಿತ್ತು. ನಿನ್ನ ಮುಂದ ಖರೇ ಹೇಳಿ ಅದನ್ನ ಕಳ್ಕೊಳ್ಳಲೇನು?”

ವೀರಭದ್ರಪ್ಪನವರು ಚಹಾ ಮುಗಿಸಿ ಒಳಗೆ ಹೋಗಿ, ಒಂದು ಸಣ್ಣ ಕ್ಯಾಬಿನೆಟ್ಟು ಕೊಡಲು ಇಮ್ತಿಯಾಜನಿಗೆ ಹೇಳಿದರು. ಜನ್ಮದಲ್ಲಿ ಮೊದಲ ಸಲ ಬೇರೆಯವರು ಮಾಡಿದ ಕ್ಯಾಬಿನೆಟ್ಟು ಕೊಂಡರು. ದೊಡ್ಡದನ್ನು ಮಾಣಿಕಪ್ಪ ಅದೇ ಆಟೋದಲ್ಲಿ ಶೆಡ್ಡಿಗೆ ವಾಪಸು ಒಯ್ಯುವುದೆಂದಾಯಿತು. ಆಟೋ ಹತ್ತುತ್ತ ಅವನು ಕೇಳಿದ, “ನಾಳಿಗಿ ಎಷ್ಟೊತ್ತಿಗೆ ಬರ್ಲಿ?”

“ನಾಳಿಗಿ ಏನೈತಿ ಮಾಣಿಕಪ್ಪಾ?”

“ಏನೂ ಇಲ್ಲ. ಅದಕ್ಕ ಕೇಳಿದೆ.”

ವೀರಭದ್ರಪ್ಪನವರು ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅದು ಎಷ್ಟು ಹಗುರವಾಗಿತ್ತೆಂದರೆ, ರಸ್ತೆಯ ಗುಂಡಿ ಬಂದಾಗಲೆಲ್ಲ ಹಾರಿಹೋದೀತೆಂದು ಎರಡೂ ಕೈಯಲ್ಲಿ ಅದುಮಿ ಹಿಡಿಯಬೇಕಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಓಣಿಗೆ ಕಾಲಿಟ್ಟರು. ಗೋದಾಬಾಯಿ ಜಗುಲಿಯ ಮೇಲೆಯೇ ಇದ್ದರು. ವೀರಭದ್ರಪ್ಪನವರ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದರು, ಅವರ ಮುಖ ನೋಡಿದರು, ಏನೂ ಕೇಳದೆ ಎದ್ದು ಒಳಗೆ ಹೋದರು. ಗೋದಾಬಾಯಿ ಏನೂ ಕೇಳದೆ ಒಳಗೆ ಹೋದದ್ದು ಆ ಓಣಿಯ ಇತಿಹಾಸದಲ್ಲಿ ಅದೇ ಮೊದಲು. ಇಡೀ ಕಾಲನಿಗೆ ಗೊತ್ತಿತ್ತೆಂದು ವೀರಭದ್ರಪ್ಪನವರಿಗೆ ತಿಳಿದದ್ದು ಆಗಲೇ.

ಪಡಸಾಲೆಯಲ್ಲಿ ಸಂಪದಾ ಮಂಡಿಯೂರಿ ದೊಡ್ಡ ಕ್ಯಾಬಿನೆಟ್ಟಿನೊಳಗೆ ಕೈ ಹಾಕಿದ್ದಳು. ತಂದೆ ಸಣ್ಣ ಪೆಟ್ಟಿಗೆಯನ್ನು ಅವಳ ಪಕ್ಕದಲ್ಲಿಟ್ಟರು. ಅವಳು ಏಳಲಿಲ್ಲ.

“ನಿನಗ ಮೊದಲಿಂದ ಗೊತ್ತಿತ್ತು,” ಎಂದರು.

“ಹೂಂ.”

“ತರುಣಗೂ?”

“ಹೂಂ.”

“ನಿಮ್ಮವ್ವಗ?”

“ನನಗೇನೂ ಗೊತ್ತಿರಲಿಲ್ಲರಿ,” ಬಸಲಿಂಗಮ್ಮ ಅಡಿಗೆಮನೆಯಿಂದಲೇ ಹೇಳಿದರು. ಬಾಗಿಲಿಗೆ ಬಂದು, “ಗೋದಾಬಾಯಾರು ಹೇಳೋತನಕ,” ಎಂದರು.

“ಮತ್ತ ಯಾಕವ್ವ ಹೇಳಲಿಲ್ಲ ನನಗ?”

ಸಂಪದಾ ತಲೆಯೆತ್ತಲಿಲ್ಲ. “ನೀ ಮತ್ತ ಊಟ ಮಾಡಾಕತ್ತಿದ್ಯಲ್ಲ ಅಪ್ಪ,” ಎಂದಳು. ತೋಳಿನಿಂದ ಕಣ್ಣೊರೆಸಿಕೊಂಡಳು. ವೀರಭದ್ರಪ್ಪನವರು ಅವಳ ತಲೆಯ ಮೇಲೆ ಕೈಯಿಟ್ಟರು. ತಗಡು ಕೊಯ್ದು ಕೊಯ್ದು ಗಟ್ಟಿಯಾದ ಆ ಅಂಗೈಗೆ ಕೂದಲು ಸಿಕ್ಕಿಕೊಂಡಿತು.

“ಅಳಬ್ಯಾಡ. ಆ ಹುಡುಗನ್ನ ಕರಿ. ಇದನ್ನ ಜೋಡಸೋಣು.”

ತರುಣ ಬಂದ. ಯಾರ ಮುಖವನ್ನೂ ನೋಡದೆ ಕೆಲಸಕ್ಕೆ ಕೂತ. ಮೂಲೆಯಲ್ಲಿದ್ದ ಸಂಸಾರವನ್ನು ಒಂದೊಂದಾಗಿ ಎತ್ತಿ ಸಣ್ಣ ಪೆಟ್ಟಿಗೆಯಲ್ಲಿಟ್ಟ. ತಂತಿಗಳು ತಾವಾಗಿ ತಮ್ಮ ತಮ್ಮ ಜಾಗಕ್ಕೆ ಮುಟ್ಟಿದವು. ಸ್ವಿಚ್ಚೂ ಮುಂಭಾಗಕ್ಕೆ ಬಂತು. ವೀರಭದ್ರಪ್ಪನವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೇಳಿದಾಗ ಸ್ಕ್ರೂ ಕೊಡುತ್ತ, ಸ್ಕ್ರೂಡ್ರೈವರು ಕೊಡುತ್ತ ಇದ್ದರು. ಕೊನೆಗೆ ತರುಣ ಪಕ್ಕದ ತಗಡನ್ನು ಸರಿಸಿ ಮುಚ್ಚಿದ. ಸಂಪದಾ ಗುಂಡಿ ಒತ್ತಿದಳು. ಎದ್ದು ನಿಂತೇ ಒತ್ತಿದಳು. ಕಂಪ್ಯೂಟರು ಶುರುವಾಯಿತು.

“ಆಯ್ತೇನು?” ವೀರಭದ್ರಪ್ಪನವರು ಕೇಳಿದರು.

“ಆಯ್ತು ಅಂಕಲ್.”

ಗಡಿಯಾರ ನೋಡಿದರು. ಇಪ್ಪತ್ತೈದು ನಿಮಿಷ ಹಿಡಿದಿತ್ತು. ಹೊರಗೆ ಇನ್ನೂ ಬಿಸಿಲಿತ್ತು. ಸ್ಕ್ರೂಡ್ರೈವರನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಕೈಯಿಂದ ಕೈಗೆ ಬದಲಾಯಿಸಿದರು.

“ಇನ್ನೇನರ ಟೈಟ್ ಮಾಡೋದು ಐತೇನಪ್ಪಾ?”

ಬಿಗಿಯಾಗಬೇಕಾದದ್ದೆಲ್ಲ ಬಿಗಿಯಾಗಿತ್ತು. ತರುಣ ಪೆಟ್ಟಿಗೆಯ ಹಿಂದೆ ಕೈ ಹಾಕಿ, ಬೆರಳಿನಿಂದಲೇ ಒಂದು ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದ.

“ಇದೊಂದು ಸಡಿಲ ಇದೆ ಅಂಕಲ್. ನೀವೇ ನೋಡ್ಬೇಕು.”

ವೀರಭದ್ರಪ್ಪನವರು ಅವನ ಬೆರಳು ತಿರುಗಿದ್ದನ್ನು ನೋಡಿದ್ದರು. ನೋಡಿಯೂ, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ನೆಲಕ್ಕೆ ಮೊಣಕೈಯೂರಿ ಬಗ್ಗಿ, ಆ ಸ್ಕ್ರೂವನ್ನು ನಿಧಾನವಾಗಿ, ಬಹಳ ನಿಧಾನವಾಗಿ ಬಿಗಿಯತೊಡಗಿದರು.